ಇನ್ನೂ ಮುಖ ನೋಡದ ಲ್ಯಾಬ್ ಡಾಕ್ಟರಿಗೆ

ನಿನ್ನೆ ರಾತ್ರಿ ಕೊನೆಯ ಮಾತ್ರೆ ನುಂಗಿದೆ. ನಾಲ್ಕು ವಾರ ಇಂಜೆಕ್ಷನ್, ಆಮೇಲೆ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಅನ್ನೋ ಆಂಟಿಬಯಾಟಿಕ್ ಮಾತ್ರೆ. ನನಗೆ ಬಂದಿದ್ದು ಮೆಲಿಯಾಯ್ಡೋಸಿಸ್, ಮಣ್ಣು ನೀರಲ್ಲಿರೋ ರೋಗಾಣುವಿನಿಂದ ಬರುವ ಕಾಯಿಲೆ. ಆ ಹೆಸರನ್ನು ಮೊದಲು ನಾನು ಕೇಳಿಯೇ ಇರಲಿಲ್ಲ.

ಮಳೆಗಾಲದಲ್ಲಿ ಬರಿಗಾಲಲ್ಲಿ ಕೆಸರಿಗೆ ಇಳಿದಿದ್ದೆ. ಹಿಮ್ಮಡಿ ಒಡೆದಿತ್ತು. ಶುಗರ್ ಬೇರೆ ಜಾಸ್ತಿ ಇತ್ತು. ಸ್ವಲ್ಪ ದಿನಕ್ಕೆ ಜ್ವರ, ಕೆಮ್ಮು. ತೂಕ ಇಳಿಯುತ್ತಾ ಹೋಯಿತು. ಮೊದಲು ತೋರಿಸಿದ ಕಡೆ ಎಕ್ಸ್‌ರೇ ನೋಡಿ ಟಿಬಿ ಅಂದರು. ಕಫದಲ್ಲಿ ಟಿಬಿ ರೋಗಾಣು ಸಿಕ್ಕಿರಲಿಲ್ಲ, ಆದರೂ ಮಾತ್ರೆ ಶುರುವಾಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಶ್ವಾಸಕೋಶದಲ್ಲಿ ಕೂತರೆ ಈ ಕಾಯಿಲೆ ಥೇಟ್ ಟಿಬಿ ಥರಾನೇ ಕಾಣುತ್ತದೆ.

ಎರಡನೇ ಆಸ್ಪತ್ರೆಯಲ್ಲಿ ರಕ್ತವನ್ನು ಕಲ್ಚರ್‌ಗೆ, ಅಂದರೆ ಅದರಲ್ಲಿರೋ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡೋಕೆ ಕಳಿಸಿದರು. ನಾನು ಬದುಕಿದ್ದು ಅಲ್ಲಿ. ತಟ್ಟೆಯಲ್ಲಿ ಬೆಳೆದಿದ್ದನ್ನು ಯಾವುದೋ ಸ್ಯೂಡೋಮೋನಾಸ್ ಅನ್ನೋ ಬೇರೆ ರೋಗಾಣು ಅಂತ ಬರೆದು ಮುಗಿಸಬಹುದಿತ್ತು. ಎಷ್ಟೋ ಸಲ ಹಾಗೇ ತಪ್ಪಿಹೋಗುತ್ತದಂತೆ. ಮೇಡಂ, ನೀವು ಹಾಗೆ ಮಾಡಲಿಲ್ಲ. ಜೆಂಟಾಮೈಸಿನ್, ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಈ ರೋಗಾಣು ಕೋ-ಅಮಾಕ್ಸಿಕ್ಲಾವ್ ಅನ್ನೋ ಇನ್ನೊಂದಕ್ಕೆ ಬಗ್ಗುತ್ತಿದೆಯಲ್ಲ, ಯಾಕೆ ಅಂತ ಯೋಚಿಸಿದಿರಿ. ವಾರ್ಡಿಗೆ ನೀವೇ ಫೋನ್ ಮಾಡಿ, “ಪೇಷೆಂಟ್‌ಗೆ ಶುಗರ್ ಇದೆಯಾ? ಮಣ್ಣು, ನೀರಲ್ಲಿ ಕೆಲಸ ಮಾಡ್ತಾರಾ ಕೇಳಿ” ಅಂದಿರಂತೆ. ಅಲ್ಲಿಯವರೆಗೆ ಕೆಸರಿನ ವಿಷಯ ಯಾರೂ ಕೇಳಿರಲಿಲ್ಲ. ಹೇಳಬೇಕು ಅಂತ ನನಗೂ ಹೊಳೆದಿರಲಿಲ್ಲ. ಆಮೇಲೆ ಸ್ಕ್ಯಾನ್ ಮಾಡಿದರೆ ಗುಲ್ಮದಲ್ಲೂ (ಸ್ಪ್ಲೀನ್) ಕೀವು.

ಸೆಫ್ಟಾಜಿಡೈಮ್ ಇಂಜೆಕ್ಷನ್ ಶುರುವಾಗಿ ವಾರ ಕಳೆದರೂ ಜ್ವರ ಬಿಡಲಿಲ್ಲ. ನಾನು ಆಸೆ ಬಿಟ್ಟಿದ್ದೆ. “ಈ ಕಾಯಿಲೇಲಿ ಜ್ವರ ನಿಧಾನಕ್ಕೇ ಇಳಿಯೋದು, ಔಷಧಿ ಕೆಲಸ ಮಾಡ್ತಿದೆ” ಅಂತ ರಾತ್ರಿ ಪಾಳಿಯ ಸಿಸ್ಟರ್ ದಿನಾ ಹೇಳುತ್ತಿದ್ದರು. ಒಂಬತ್ತನೇ ದಿನ ಥರ್ಮಾಮೀಟರ್ ನನ್ನ ಕಣ್ಣ ಮುಂದೆ ಹಿಡಿದು ನಕ್ಕರು. ಸಿಸ್ಟರ್, ಆ ನಗು ಮರೆಯೋಕಾಗಲ್ಲ.

ಇನ್ನು ನನ್ನ ಹೆಂಡತಿ. ಎರಡನೇ ತಿಂಗಳಿಗೆ ಪೂರ್ತಿ ಗುಣವಾದಂತೆ ಅನಿಸಿತ್ತು. ಮಾತ್ರೆಯಿಂದ ಹೊಟ್ಟೆ ತೊಳಸುತ್ತಿತ್ತು, ಸಾಕು ಅಂದೆ. ಅವಳು ಬಿಡಲಿಲ್ಲ. ನಡುವೆ ನಿಲ್ಲಿಸಿದರೆ ಕಾಯಿಲೆ ಮರಳಿ ಬರಬಹುದು ಅಂತ ಡಾಕ್ಟರ್ ಹೇಳಿದ್ದನ್ನು ಅವಳು ನನಗಿಂತ ಚೆನ್ನಾಗಿ ಕೇಳಿಸಿಕೊಂಡಿದ್ದಳು. ಕಿಡ್ನಿ, ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ಕೊಡುವ ದಿನಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಅವಳೇ ಗುರುತು ಹಾಕಿದ್ದು.

ಶುಗರ್ ಇದ್ದು, ಜ್ವರ ಬಿಡದೆ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಮಣ್ಣಲ್ಲಿ ಕೆಲಸ ಮಾಡಿದ್ದರೆ ಡಾಕ್ಟರ್ ಕೇಳುವ ಮೊದಲೇ ಹೇಳಿ. ಕಲ್ಚರ್ ಮಾಡಿಸಬೇಕಾ ಅಂತ ಕೇಳಿ.

ನಾಳೆ ಫಾಲೋಅಪ್‌ಗೆ ಬರುತ್ತಿದ್ದೇನೆ. ಲ್ಯಾಬ್ ಅದೇ ಕಟ್ಟಡದಲ್ಲಿದೆಯಂತೆ. ಮೇಡಂ, ಎರಡು ನಿಮಿಷ ಹೊರಗೆ ಬರ್ತೀರಾ?