ಚಿತ್ರಕಾರನ ಸಾಕ್ಷ್ಯಚಿತ್ರಕ್ಕೆ ಮೊದಲು ಕತ್ತಲೆ ಬೇಕು

ಮಾನ್ಯ ಸಂಪಾದಕರೇ,

ಚಿತ್ರಕಲಾ ವಿದ್ಯಾರ್ಥಿಗಳನ್ನು ಗುಂಪಾಗಿ ಸಾಕ್ಷ್ಯಚಿತ್ರಕ್ಕೆ ಕರೆದೊಯ್ಯುವುದು ಒಳ್ಳೆಯ ರೂಢಿ. ಚಿತ್ರಕಾರ ಎಸ್.ಎಂ. ಪಂಡಿತರು (1916–1993) ಹುಟ್ಟಿದ ಕಲಬುರಗಿಯಲ್ಲಿ ಇದು ಇನ್ನಷ್ಟು ಹೆಚ್ಚಬೇಕು. ಆದರೆ ಬಸ್ಸು, ನಾಷ್ಟಾದ ಬಗ್ಗೆ ಇರುವಷ್ಟೇ ಕಾಳಜಿ ಪರದೆಯ ಮೇಲಿನ ಬಣ್ಣದ ಬಗ್ಗೆಯೂ ಇರಲಿ. ಬಣ್ಣ ಕೆಟ್ಟರೆ ಚಿತ್ರಕಾರನ ಬದುಕಿನಲ್ಲಿ ಮಕ್ಕಳಿಗೆ ಉಳಿಯುವುದು ಬರೀ ಮಾತು.

ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಚೆಲ್ಲಲಾರದು. ಬೆಳಕು ಬೀಳದ ಜಾಗವೇ ಅದರ ಕಪ್ಪು. ಹಾಗಾಗಿ ಹಗಲು ಹೊತ್ತಿನಲ್ಲಿ ಕಿಟಕಿಗೆ ತೆಳು ಪರದೆ ಕಟ್ಟಿದ ಸಭಾಂಗಣದಲ್ಲಿ ತೋರಿಸಿದರೆ ನೆರಳುಗಳೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತವೆ. ಸಂಜೆ 7ರ ನಂತರವಾದರೆ ಈ ತೊಂದರೆ ಇಲ್ಲ. ಆದರೆ ಆಳಂದ, ಅಫಜಲಪುರ, ಚಿತ್ತಾಪುರದ ಕಡೆಯ ಮಕ್ಕಳಿಗೆ ಊರಿನ ಬಸ್ಸು ಸಿಗಬೇಕಲ್ಲ, ಅದಕ್ಕೆ ಕಿಟಕಿಗಳಿಗೆ ದಪ್ಪ ಕಪ್ಪು ಬಟ್ಟೆ ಕಟ್ಟುವುದೇ ಲೇಸು. ಕೆನೆಬಣ್ಣದ ಗೋಡೆಯನ್ನೇ ಪರದೆ ಮಾಡಿಕೊಳ್ಳಬೇಡಿ, ಬಿಳಿ ಹಳದಿಯಾಗಿ ನೀಲಿ ಮಂಕಾಗುತ್ತದೆ. ಪ್ರೊಜೆಕ್ಟರಿನ ‘ಡೈನಾಮಿಕ್’ ಮೋಡ್‌ನಲ್ಲಿ ಬೆಳಕು ಹೆಚ್ಚು, ಆದರೆ ಸಾಮಾನ್ಯವಾಗಿ ಹಸಿರು ಛಾಯೆ ಬೆರೆಯುತ್ತದೆ; ‘ಸಿನೆಮಾ’ ಮೋಡ್ ಇಡಿ. ಹಿಂದಿನ ದಿನವೇ ಒಂದು ಬಿಳಿ ಪುಟ, ಒಂದು ಮುಖದ ಫೋಟೊ ಹಾಕಿ ನೋಡಿದರೆ ದೋಷ ಗೊತ್ತಾಗುತ್ತದೆ. ಪ್ರೊಜೆಕ್ಟರನ್ನು ಯುಪಿಎಸ್‌ಗೆ ಜೋಡಿಸಿ. ನಡುವೆ ಕರೆಂಟ್ ಹೋದರೆ ಫ್ಯಾನ್ ನಿಂತು ಲ್ಯಾಂಪಿನ ಬಿಸಿ ಒಳಗೇ ಉಳಿಯುತ್ತದೆ, ತಣಿಯುವವರೆಗೆ ಅದು ಮತ್ತೆ ಹೊತ್ತುವುದಿಲ್ಲ.

ತೋರಿಸಲು ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಅವರ ಕುರಿತು ಶಿಷ್ಯ ಸತ್ಯಜಿತ್ ರೇ 1972ರಲ್ಲಿ ಮಾಡಿದ ‘ದಿ ಇನ್ನರ್ ಐ’ಗಿಂತ ತಕ್ಕ ಚಿತ್ರ ನಮಗೆ ತೋಚುತ್ತಿಲ್ಲ. ಶಾಂತಿನಿಕೇತನದ ಹಿಂದಿ ಭವನದಲ್ಲಿ 1946–47ರಲ್ಲಿ ಮಧ್ಯಯುಗದ ಸಂತರನ್ನು ಗೋಡೆಗಿಳಿಸಿದವರು ಮುಖರ್ಜಿ. ಮುಂದೆ ಕಣ್ಣು ಪೂರ್ತಿ ಹೋದರೂ ಕೈ ಕೆಲಸ ಬಿಡಲಿಲ್ಲ. ಶರಣಬಸವೇಶ್ವರರ, ಬಂದೇನವಾಜರ ಊರಿನ ಮಕ್ಕಳಿಗೆ ಆ ಸಂತರ ಸಾಲು ಹೊರಗಿನದಲ್ಲ. ಆ ಗೋಡೆಚಿತ್ರದಂತೆ ಹಸಿ ಗಾರೆಯ ಮೇಲೆ ಚಿತ್ರ ಬರೆಯುವ ಕೆಲಸವನ್ನು ಮೊದಲೇ ತಿಳಿಸಿ: ಗಾರೆಯ ಸುಣ್ಣ ಒಣಗುತ್ತ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಿ ಬಣ್ಣವನ್ನು ಹಿಡಿದಿಡುತ್ತದೆ. ಆಮೇಲೆ ತಿದ್ದಲಾಗದು. ಅದಕ್ಕೇ ಆ ದಿನ ಬರೆದು ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುತ್ತಾರೆ.

ನಿರೂಪಣೆ ಇಂಗ್ಲಿಷಿನಲ್ಲಿದೆ. ಚಿತ್ರ ಓಡುವಾಗ ಮೈಕಿನಲ್ಲಿ ಅನುವಾದ ಹೇಳಿದರೆ ಮಕ್ಕಳ ಕಣ್ಣು ಪರದೆ ಬಿಟ್ಟು ಹೇಳುವವರ ಕಡೆ ಹೋಗುತ್ತದೆ. ಮೊದಲು 10 ನಿಮಿಷ ಕನ್ನಡದಲ್ಲಿ ಪರಿಚಯ ಸಾಕು. ಚಿತ್ರ ಇರುವುದೇ ಸುಮಾರು 20 ನಿಮಿಷ. ಒಮ್ಮೆ ಸುಮ್ಮನೆ ನೋಡಲಿ, ಎರಡನೇ ಸಲ ಗೋಡೆಯ ದೃಶ್ಯಗಳಲ್ಲಿ ನಿಲ್ಲಿಸಿ ಮಾತಾಡಿ.

ಸಾಧ್ಯವಾದರೆ ಮರುವಾರ ಅದೇ ಗುಂಪನ್ನು ಬೀದರ ಬಳಿಯ ಅಷ್ಟೂರಿಗೆ, ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಗೆ ಕರೆದೊಯ್ಯಿರಿ. ಒಳಗೋಡೆ, ಗುಮ್ಮಟದ ಬಣ್ಣದ ಕೆಲಸ ಅಲ್ಲಿ ಮಬ್ಬು ಬೆಳಕಿನಲ್ಲಿದೆ. ಒಳಹೊಕ್ಕ ಮೇಲೆ ಕಣ್ಣು ಕತ್ತಲಿಗೆ ಒಗ್ಗಲು ಐದು-ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಮೊಬೈಲು ಜೇಬಿನಲ್ಲೇ ಇರಲಿ. ಗೋಡೆಯನ್ನು ಯಾರೂ ಮುಟ್ಟಬಾರದು, ಬೆವರಿನ ಉಪ್ಪು, ಜಿಡ್ಡು ಹಳೆಯ ಬಣ್ಣವನ್ನು ಹಾಳುಮಾಡುತ್ತವೆ.

— ಚಿತ್ರಕಲಾಸಕ್ತರು, ಕಲಬುರಗಿ