ಜೇನುಪೆಟ್ಟಿಗೆಯ ನುಸಿ ಮತ್ತು ವಾಸನೆಯ ಜಾಡು

ಮಾನ್ಯ ಸಂಪಾದಕರೇ,

ಹೊಂಗೆ ಹೂವಿನ ಕಾಲಕ್ಕೆ ಪೆಟ್ಟಿಗೆಗಳಲ್ಲಿ ಜೇನುಮರಿ ತುಂಬಿಕೊಳ್ಳುತ್ತದೆ, ಅದರ ಬೆನ್ನಿಗೇ ಮರಿಯ ಕೋಣೆಗೆ ನುಗ್ಗಿ ಅದರ ಮೈಮೇಲೆ ಬದುಕಿ ಸಂತಾನ ಬೆಳೆಸುವ ವರೋವಾ ನುಸಿಯ ಕಾಟವೂ ಏರುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಮೆಲ್ಲಿಫೆರಾ (ಯುರೋಪಿಯನ್) ಜೇನು ಸಾಕುವ ನಮ್ಮಂಥವರಿಗೆ ಆಗ ಸಿಗುವ ಸಲಹೆ ಬಹುತೇಕ ಒಂದೇ: ನುಸಿ ಕೊಲ್ಲುವ ಔಷಧಿ ಸವರಿದ ಪಟ್ಟಿಯನ್ನು ಪೆಟ್ಟಿಗೆಯೊಳಗೆ ತೂಗುಹಾಕಿ. ಆದರೆ ಫ್ಲುವಾಲಿನೇಟ್‌ನಂಥ ಔಷಧಿಯ ಶೇಷ ಗೂಡಿನ ಮೇಣದಲ್ಲಿ ಉಳಿಯುತ್ತದೆ, ನುಸಿಯೂ ಕ್ರಮೇಣ ಅದಕ್ಕೆ ಜಗ್ಗುವುದಿಲ್ಲ. ಕತ್ತಲ ಗೂಡಿನೊಳಗೆ ಈ ನುಸಿ ಮರಿಯನ್ನು ಹುಡುಕುವ ಬಗೆಯನ್ನೇ ತರಬೇತಿಗಳಲ್ಲಿ ಕಲಿಸಿದರೆ ಔಷಧಿಯ ಮೇಲಿನ ಅವಲಂಬನೆ ಎಷ್ಟೋ ತಗ್ಗೀತು.

ವರೋವಾಕ್ಕೆ ಕಣ್ಣಿಲ್ಲ, ಕೀಟಗಳಿಗಿರುವಂಥ ಮೀಸೆಯೂ ಇಲ್ಲ. ಮುಂಗಾಲೆರಡನ್ನೂ ಎತ್ತಿ ಆಡಿಸುತ್ತ ನಡೆಯುವ ಅದಕ್ಕೆ ಆ ಕಾಲ್ತುದಿಯ ಗುಳಿಯಲ್ಲಿರುವ ರೋಮಗಳೇ ಮೂಗು. ಬೆಳೆದ ಮರಿಹುಳುವಿನ ಮೈಯಿಂದ ಹೊಮ್ಮುವ ಮೀಥೈಲ್ ಪಾಮಿಟೇಟ್‌ನಂಥ ಎಸ್ಟರ್‌ಗಳು (ವಾಸನೆಯ ರಾಸಾಯನಿಕಗಳು) ನುಸಿಯನ್ನು ಸೆಳೆಯುತ್ತವೆಂದು ಫ್ರಾನ್ಸಿನ ವಿಜ್ಞಾನಿಗಳು 1989ರಲ್ಲೇ ತೋರಿಸಿದ್ದಾರೆ. ತಾನಿರುವ ಮೇಣದ ಕೋಣೆಗೆ ಮುಚ್ಚಳ ಹಾಕಿರೆಂದು ದಾದಿ ನೊಣಗಳಿಗೆ ಮರಿ ಕೊಡುವ ಸೂಚನೆಯೂ ಇದೇ ವಾಸನೆ ಎಂಬುದು ವಿಪರ್ಯಾಸ.

ಗಂಡುಮರಿಯು ಈ ಎಸ್ಟರ್‌ಗಳನ್ನು ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಹೊತ್ತು ಸೂಸುತ್ತದೆ. ಆದ್ದರಿಂದ ಕೆಲಸಗಾರ ಮರಿಯ ಕೋಣೆಗೆ ಮುಚ್ಚಳ ಬೀಳುವ 15-20 ಗಂಟೆ ಮೊದಲು ನುಗ್ಗುವ ನುಸಿ, ಗಂಡುಮರಿಯ ಕೋಣೆಯನ್ನು 40-50 ಗಂಟೆ ಮೊದಲೇ ಸೇರಿಕೊಂಡು, ಮರಿಯ ಅಡಿಯಲ್ಲಿರುವ ಆಹಾರದಲ್ಲಿ ಮುಳುಗಿ ಕಾಯುತ್ತದೆ. ಉಬ್ಬಿದ ಮುಚ್ಚಳದ ಗಂಡುಕೋಣೆಯೊಂದನ್ನು ಕೆದಕಿ ಮರಿಯನ್ನು ಎತ್ತಿ ನೋಡಿದರೆ, ಅದರ ಬಿಳಿ ಮೈಮೇಲೆ ಗುಂಡುಸೂಜಿಯ ತಲೆಯಷ್ಟಗಲದ ಕಂದು ನುಸಿ ಬರಿಗಣ್ಣಿಗೇ ಕಾಣುತ್ತದೆ.

ಈ ಗುಣವನ್ನೇ ಬಳಸಿಕೊಂಡು, ಗಂಡುಕೋಣೆಗಳ ಫ್ರೇಮೊಂದನ್ನು (ಎರಿ ಕಟ್ಟುವ ಚೌಕಟ್ಟು) ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಬಿದ್ದೊಡನೆ ಹೊರತೆಗೆದು ನಾಶಪಡಿಸಿದರೆ ನುಸಿಗಳ ದೊಡ್ಡ ಪಾಲು ಅದರೊಂದಿಗೇ ಹೋಗುತ್ತದೆ. ಮೊಟ್ಟೆಯಿಟ್ಟ ಸುಮಾರು 24ನೇ ದಿನಕ್ಕೆ ಗಂಡುಜೇನು ಹೊರಬರುವುದರಿಂದ, ದಿನಾಂಕ ಬರೆದಿಡದೆ ಮೈಮರೆತರೆ ನುಸಿಯನ್ನು ನಾವೇ ಸಾಕಿದಂತಾಗುತ್ತದೆ. ನುಸಿ ವಿಪರೀತವಾದ ಪೆಟ್ಟಿಗೆಗೆ ಇದೊಂದೇ ಸಾಲದು, ಅಲ್ಲಿ ಔಷಧಿ ಬೇಕೇ ಬೇಕು. (ನಮ್ಮ ತುಡುವೆ ಜೇನಿನಲ್ಲಿ ಈ ನುಸಿ ಬಹುಪಾಲು ಗಂಡುಮರಿಯಲ್ಲಷ್ಟೇ ಸಂತಾನ ಬೆಳೆಸುವುದರಿಂದ ಅದು ಹೇಗೋ ತಾಳಿಕೊಂಡಿದೆ.)

ತರಬೇತಿ ನೀಡುವವರು ಸಭಾಂಗಣದ ಭಾಷಣವನ್ನು ಅರ್ಧಕ್ಕಿಳಿಸಿ, ಉಳಿದ ಹೊತ್ತಿನಲ್ಲಿ ಪೆಟ್ಟಿಗೆಯ ಬಳಿ ಗಂಡುಕೋಣೆ ಗುರುತಿಸುವುದನ್ನು, ಅದನ್ನು ಯಾವಾಗ ತೆಗೆಯಬೇಕೆಂಬುದನ್ನು ಕೈಯಾರೆ ಮಾಡಿ ತೋರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಜೇನು ಕೃಷಿಕರೊಬ್ಬರು, ಪಾಂಡವಪುರ ತಾಲ್ಲೂಕು, ಮಂಡ್ಯ