ಭರ್ತಿಗೆ ಹೊರಟ ತಮ್ಮನ ಮಗನಿಗೆ

ಪ್ರೀತಿಯ ಪುಟ್ಟು,

ನೀನು ಕಳಿಸಿದ ಪ್ರಶ್ನೆಗಳನ್ನೆಲ್ಲ ಓದಿದೆ. ಓಟ ಎಷ್ಟು ನಿಮಿಷದಲ್ಲಿ ಮುಗಿಸಬೇಕು, ಎತ್ತರ ಎಷ್ಟಿರಬೇಕು, ಕೈ ಮೇಲೆ ಟ್ಯಾಟೂ ಇದ್ದರೆ ತೆಗೆದುಹಾಕುತ್ತಾರಾ, ಕನ್ನಡದಲ್ಲಿ ಪರೀಕ್ಷೆ ಬರೆಯಬಹುದಾ, ಯಾರ ಕೈಲಾದರೂ ಹೇಳಿಸಿದರೆ ಆಗುತ್ತಾ. ಎಲ್ಲವೂ ಸೈನ್ಯದ ಒಳಗೆ ಹೋಗುವುದರ ಬಗ್ಗೆ. ನಾಲ್ಕು ವರ್ಷ ಆದ ಮೇಲೆ ಹೊರಗೆ ಬರುವುದರ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ. ಅದಕ್ಕೇ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನೀನು ಚಿಕ್ಕವನಿದ್ದಾಗಿನಿಂದ ನನ್ನನ್ನು ನೋಡಿದ್ದೀಯ. ತಿಂಗಳಾದರೆ ಪೆನ್ಷನ್ ಬರುತ್ತದೆ, ಕ್ಯಾಂಟೀನ್ ಕಾರ್ಡ್ ಇದೆ, ಹುಷಾರು ತಪ್ಪಿದರೆ ಆಸ್ಪತ್ರೆ ಖರ್ಚಿಗೆ ವ್ಯವಸ್ಥೆ ಇದೆ. ಸೈನ್ಯ ಅಂದರೆ ಇದೇ ಅಂತ ನಿನ್ನ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ನಾನು ಸೇರಿದ ನಿಯಮ ಬೇರೆ, ನೀನು ಸೇರಲು ಹೊರಟಿರುವ ನಿಯಮ ಬೇರೆ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಘೋಷಣೆ ಆಯಿತು. ಅಲ್ಲಿಂದ ಈಚೆಗೆ ಜವಾನರಾಗಿ ಹೋಗುವ ಹುಡುಗರು ಅಗ್ನಿವೀರರಾಗಿಯೇ ಹೋಗುತ್ತಾರೆ. ಸೇವೆ ನಾಲ್ಕು ವರ್ಷ, ತರಬೇತಿಯೂ ಅದರಲ್ಲೇ ಸೇರಿದೆ. ಆಮೇಲೆ ಪ್ರತಿ ಬ್ಯಾಚಿನಲ್ಲಿ ಹೆಚ್ಚೆಂದರೆ 25 ಶೇಕಡ ಹುಡುಗರನ್ನು ಕಾಯಂ ಮಾಡಿಕೊಳ್ಳುತ್ತಾರೆ, ಅವರು ಇನ್ನೂ 15 ವರ್ಷ ಇರುತ್ತಾರೆ. ಉಳಿದವರು ವಾಪಸ್. ಹಾಗೆ ವಾಪಸ್ ಬರುವವರಿಗೆ ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನಮಾನವೂ ಇಲ್ಲ. ಅಂದರೆ ನಾಲ್ವರಲ್ಲಿ ಮೂವರು ಇಪ್ಪತ್ತೆರಡು, ಇಪ್ಪತ್ಮೂರನೇ ವಯಸ್ಸಿಗೆ ಟ್ರಂಕ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ಆ ಮೂವರಲ್ಲಿ ನೀನೂ ಒಬ್ಬ ಅಂತ ಇಟ್ಟುಕೊಂಡೇ ಲೆಕ್ಕ ಹಾಕು. ಆಗಲೂ ಈ ನಾಲ್ಕು ವರ್ಷ ನಿನಗೆ ಬೇಕು ಅನ್ನಿಸಿದರೆ ಹೋಗು. ನಾನೇ ಬಂದು ಓಟ, ಮೆಡಿಕಲ್ ನಡೆಯುವ ಭರ್ತಿ ರ‍್ಯಾಲಿ ಗೇಟಿಗೆ ಬಿಡುತ್ತೇನೆ. ನಾನು ಹೇಗಾದರೂ ಆ 25ರೊಳಗೆ ಬರುತ್ತೇನೆ ಅನ್ನುವ ಧೈರ್ಯ ಒಂದನ್ನೇ ಇಟ್ಟುಕೊಂಡು ಹೋಗುವುದಾದರೆ ಇನ್ನೊಂದು ಸಲ ಕೂತು ಯೋಚಿಸು.

ದುಡ್ಡಿನ ವಿಷಯ ನೀನು ಕೇಳಲಿಲ್ಲ, ನಿಮ್ಮಪ್ಪ ಕೇಳಿದ. ಮೊದಲ ವರ್ಷ ತಿಂಗಳಿಗೆ 30,000, ಎರಡನೇ ವರ್ಷ 33,000, ಮೂರನೇ ವರ್ಷ 36,500, ಕೊನೇ ವರ್ಷ 40,000. ಅಷ್ಟೂ ಕೈಗೆ ಬರಲ್ಲ. ಅದರಲ್ಲಿ 30 ಶೇಕಡ ಸೇವಾ ನಿಧಿಗೆ ಹೋಗುತ್ತದೆ. ಹಾಗಾಗಿ ಮೊದಲ ವರ್ಷ ಕೈಗೆ 21,000, ಕೊನೇ ವರ್ಷ 28,000. ಗಡಿ, ಹಿಮ ಅಂತ ಕಷ್ಟದ ಜಾಗಕ್ಕೆ ಹಾಕಿದರೆ ಅಲ್ಲಿನ ಭತ್ಯೆ ಬೇರೆ. ಊಟ, ಬಟ್ಟೆ, ಇರುವ ಜಾಗ ಸೈನ್ಯದ್ದೇ ಆದ್ದರಿಂದ ಖರ್ಚು ಕಡಿಮೆ. ನಿನ್ನ ಸಂಬಳದಿಂದ ನಾಲ್ಕು ವರ್ಷಕ್ಕೆ ಸುಮಾರು 5 ಲಕ್ಷದ 2 ಸಾವಿರ ನಿಧಿಗೆ ಸೇರುತ್ತದೆ, ಸರ್ಕಾರ ಅಷ್ಟೇ ಹಾಕುತ್ತದೆ, ಬಡ್ಡಿ ಅದರ ಮೇಲೆ. ಹೊರಗೆ ಬರುವಾಗ 10 ಲಕ್ಷದ ಮೇಲೆ ಸಿಗುತ್ತದೆ, ತೆರಿಗೆ ಇಲ್ಲ. ಇಪ್ಪತ್ತೆರಡರ ಹುಡುಗನ ಕೈಗೆ ಒಟ್ಟಿಗೆ ಬರುವ ದುಡ್ಡು ಅದು. ಬೈಕು, ಗೆಳೆಯರು, ಯಾರದೋ ಬಿಸಿನೆಸ್ಸು ಅಂತ ಹೋದರೆ ಒಂದು ವರ್ಷ ಬಾಳುತ್ತದೆ ಅಷ್ಟೇ. ಆ ದುಡ್ಡು ಯಾವುದಕ್ಕೆ ಅಂತ ಈಗಲೇ ನೀನೂ ನಿಮ್ಮಪ್ಪನೂ ಕೂತು ಮಾತಾಡಿ. ನಿನ್ನ ಹೆಸರಿನಲ್ಲಿ ಮನೆಯವರು ಸಾಲ ಎತ್ತುವುದು ಬೇಡ ಅಂತ ನಾನು ಅವನಿಗೂ ಹೇಳಿದ್ದೇನೆ.

ಹೊರಗೆ ಬಂದ ಮೇಲೆ ಏನು ದಾರಿ? ಸುಮ್ನೆ ಏನೂ ಇಲ್ಲ ಅನ್ನುವವರ ಮಾತು ಕೇಳಬೇಡ, ಎಲ್ಲಾ ಗ್ಯಾರಂಟಿ ಅನ್ನುವವರ ಮಾತೂ ಬೇಡ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮತ್ತು ಅಸ್ಸಾಂ ರೈಫಲ್ಸ್‌ನಲ್ಲಿ ಅಗ್ನಿವೀರರಿಗೆ ಮೀಸಲಾತಿ ಕೊಟ್ಟಿದ್ದಾರೆ, 2022ರಲ್ಲೇ 10 ಶೇಕಡ ಅಂತ ಹೇಳಿದ್ದರು, ವಯಸ್ಸಿನಲ್ಲೂ ಸಡಿಲಿಕೆ ಇದೆ. ಆದರೆ ಅದಕ್ಕೂ ಅರ್ಜಿ ಹಾಕಬೇಕು, ಪರೀಕ್ಷೆ ಪಾಸಾಗಬೇಕು. ತಾನಾಗಿ ಕೆಲಸ ಬರಲ್ಲ. ಮೊದಲ ಬ್ಯಾಚ್ ಸೇರಿದ್ದು 2022ರ ಕೊನೆ, 2023ರ ಶುರುವಿನಲ್ಲಿ. ಆ ಹುಡುಗರ ನಾಲ್ಕು ವರ್ಷ ಮುಗಿಯುವುದು 2026ರ ಕೊನೆ, 2027ರ ಶುರುವಿಗೆ. ನಿನಗೆ ಕಾಯುವಷ್ಟು ವಯಸ್ಸಿದ್ದರೆ ಅವರಿಗೆ ಎಲ್ಲಿ ಕೆಲಸ ಸಿಕ್ಕಿತು ಅಂತ ಕೇಳಿ ನೋಡಿಕೊಂಡು ಹೋಗುವುದರಲ್ಲಿ ತಪ್ಪಿಲ್ಲ.

ಇದೇ ಕಾರಣಕ್ಕೆ ಯಾವ ಟ್ರೇಡ್, ಅಂದರೆ ಯಾವ ಕೆಲಸದ ವಿಭಾಗ, ಅನ್ನುವ ಪ್ರಶ್ನೆಗೆ ನನ್ನ ಉತ್ತರ ಬೇರೆಯವರಿಗಿಂತ ಬೇರೆ. ನಿನ್ನ ಗೆಳೆಯರೆಲ್ಲ ಜಿಡಿ (ಜನರಲ್ ಡ್ಯೂಟಿ, ಸಾಮಾನ್ಯ ಸೈನಿಕ) ಅಂತ ಹೊರಟಿದ್ದಾರೆ, ನೀನೂ ಜಿಡಿ ಅನ್ನುತ್ತಿದ್ದೀಯ. ಜಿಡಿಗೆ ಹತ್ತನೇ ತರಗತಿ ಸಾಕು, ಒಟ್ಟು 45 ಶೇಕಡ, ಪ್ರತಿ ವಿಷಯದಲ್ಲಿ 33. ನೀನು ಪಿಯುಸಿ ಸೈನ್ಸ್ ಓದಿದವನು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಇಂಗ್ಲಿಷ್ ಇದ್ದು ಒಟ್ಟು 50, ಒಂದೊಂದರಲ್ಲಿ 40 ಶೇಕಡ ಇದ್ದರೆ ಟೆಕ್ನಿಕಲ್‌ಗೆ ಹಾಕಬಹುದು. ನಿನ್ನದು ಅಷ್ಟಿದೆ ಅಲ್ವಾ? ಕ್ಲರ್ಕ್ ಕೆಲಸಕ್ಕಾದರೆ 60 ಕೇಳುತ್ತಾರೆ. ಈಗ ಒಂದೇ ಅರ್ಜಿಯಲ್ಲಿ ಎರಡು ವಿಭಾಗ ಆರಿಸಲು ಬಿಟ್ಟಿದ್ದಾರೆ. ಮೊದಲು ಟೆಕ್ನಿಕಲ್ ಹಾಕು, ಎರಡನೆಯದು ಜಿಡಿ. ಇಂಜಿನು, ವೈರ್‌ಲೆಸ್ಸು, ಕರೆಂಟು ಏನೇ ಕಲಿತರೂ ಹೊರಗೆ ಬಂದಾಗ ಅದಕ್ಕೊಂದು ಬೆಲೆ ಇರುತ್ತದೆ. ಜಿಡಿ ಕೀಳು ಅಂತ ಅಲ್ಲ. ಕಾಲ್ದಳ ಇಲ್ಲದೆ ಸೈನ್ಯ ಇಲ್ಲ. ಆದರೆ ನಾಲ್ಕೇ ವರ್ಷಕ್ಕೆ ಹೋಗುವವನು ಏನಾದರೂ ಕಲಿತುಕೊಂಡು ಬರಬೇಕು ಅನ್ನುವುದು ನನ್ನ ಹಟ. ಇಗ್ನೋ ಮುಕ್ತ ವಿಶ್ವವಿದ್ಯಾಲಯದವರು ಅಗ್ನಿವೀರರಿಗಾಗಿಯೇ ಒಂದು ಡಿಗ್ರಿ ಇಟ್ಟಿದ್ದಾರೆ, ಸೈನ್ಯದಲ್ಲಿ ಕಲಿತ ಕೆಲಸಕ್ಕೆ ಅರ್ಧ ಕ್ರೆಡಿಟ್ ಕೊಡುತ್ತಾರೆ. ಮೊದಲ ವರ್ಷವೇ ಅದಕ್ಕೆ ಹೆಸರು ಹಚ್ಚು. ಕೊನೇ ವರ್ಷ ನೋಡೋಣ ಅಂದರೆ ಆಗಲ್ಲ.

ಇನ್ನೊಂದು ಮಾತು. ನಿನ್ನ ಮಾರ್ಕ್ಸ್ ನೋಡಿದರೆ ಆಫೀಸರ್ ದಾರಿ ಯಾಕೆ ನೋಡಲಿಲ್ಲ ಅಂತ ನನಗೆ ಆಶ್ಚರ್ಯ. ಪಿಯುಸಿ ಆದವರನ್ನು ಆಫೀಸರ್ ತರಬೇತಿಗೆ ಸೇರಿಸುವ ಎನ್‌ಡಿಎ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ, ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ನಿನಗೆ ಇನ್ನೂ ಸಮಯ ಇದೆ. ಅದು ದಾಟಿದರೆ ಡಿಗ್ರಿ ಮುಗಿಸಿ ಸಿಡಿಎಸ್ ಅನ್ನುವ ಆಫೀಸರ್ ಪರೀಕ್ಷೆ. ಬರೆದು ಪಾಸಾದವರಿಗೆ ಎಸ್‌ಎಸ್‌ಬಿ ಅಂತ ಐದು ದಿನದ ಸಂದರ್ಶನ, ಬೆಂಗಳೂರಿನಲ್ಲೂ ಕೇಂದ್ರ ಇದೆ. ನಮ್ಮಂಥವರಿಗಲ್ಲ ಅಂತ ನಮ್ಮ ಮನೆಗಳಲ್ಲಿ ಸುಮ್ನೆ ಬಿಟ್ಟುಬಿಡುತ್ತಾರೆ. ಕಾರ್ಯಪ್ಪ, ತಿಮ್ಮಯ್ಯ ಕೊಡಗಿನಿಂದಲೇ ಹೋಗಿ ಇಡೀ ಸೈನ್ಯಕ್ಕೆ ದಂಡನಾಯಕರಾದವರು. ಒಂದು ಸಲ ಬರೆದು ನೋಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ನಿನ್ನ ತಂಗಿಗೂ ಹೇಳು, 2022ರಿಂದ ಎನ್‌ಡಿಎಯಲ್ಲಿ ಹುಡುಗಿಯರೂ ಇದ್ದಾರೆ. ಜವಾನ್ ಆಗಿ ಹೋಗಬೇಕು ಅಂದರೆ ಹುಡುಗಿಯರಿಗೆ ಮಿಲಿಟರಿ ಪೊಲೀಸ್ ವಿಭಾಗ ಇದೆ, ಅದರ ಮೊದಲ ಮಹಿಳಾ ತಂಡ 2021ರಲ್ಲಿ ಪಾಸಾಗಿ ಹೊರಬಂದದ್ದು ಬೆಂಗಳೂರಿನ ಕೇಂದ್ರದಿಂದಲೇ.

ಈಗ ನಿನ್ನ ಪ್ರಶ್ನೆಗಳು. ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ರ‍್ಯಾಲಿ. ಹಿಂದೆಲ್ಲ ಮೊದಲು ಓಡಿಸುತ್ತಿದ್ದರು, 2023ರಿಂದ ಅದು ಉಲ್ಟಾ ಆಗಿದೆ. ದಿನಾ ಬೆಳಿಗ್ಗೆ ಎದ್ದು ಓಡಿ ಪುಸ್ತಕ ಮುಟ್ಟದೆ ಇರುವ ಹುಡುಗರು ಈಗ ಮೈದಾನದವರೆಗೂ ಬರಲ್ಲ. ಜಿಡಿಗೆ ಒಂದು ಗಂಟೆಯಲ್ಲಿ 50 ಪ್ರಶ್ನೆ, 100 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಕನ್ನಡದಲ್ಲೂ ಬರೆಯಬಹುದು, ಅರ್ಜಿ ತುಂಬುವಾಗಲೇ ಭಾಷೆ ಆರಿಸಬೇಕು. ಓಟ 1.6 ಕಿಲೋಮೀಟರ್. 5 ನಿಮಿಷ 30 ಸೆಕೆಂಡಿನೊಳಗೆ ಬಂದರೆ ಪೂರ್ತಿ 60 ಅಂಕ, ತಡವಾದ ಹಾಗೆ ಅಂಕ ಇಳಿಯುತ್ತದೆ. ಬೀಮ್ ಮೇಲೆ 10 ಪುಲ್‌ಅಪ್ ಎಳೆದರೆ 40 ಅಂಕ, 9 ಎಳೆದರೆ 33. ಒಂದೇ ಒಂದು ಕಡಿಮೆ ಆದರೆ ಏಳು ಅಂಕ ಹೋಯಿತು ನೋಡು. ನಿಮ್ಮೂರ ಹುಡುಗರು ಓಟಕ್ಕೆ ಕೊಡುವ ಗಮನದಲ್ಲಿ ಅರ್ಧವೂ ಬೀಮ್‌ಗೆ ಕೊಡಲ್ಲ. 9 ಅಡಿ ಹಳ್ಳ ಹಾರುವುದು, ಅಂಕುಡೊಂಕು ಹಲಗೆ ಮೇಲೆ ನಡೆಯುವುದು ಪಾಸಾದರೆ ಸಾಕು. ನಮ್ಮ ಕಡೆಯವರಿಗೆ ಜಿಡಿಗೆ ಎತ್ತರ 166 ಸೆಂಟಿಮೀಟರ್, ಎದೆ 77, ಉಸಿರು ಎಳೆದಾಗ 5 ಹಿಗ್ಗಬೇಕು. ಟ್ಯಾಟೂ ಮುಂಗೈಯ ಒಳಭಾಗದಲ್ಲಿ ಅಥವಾ ಅಂಗೈ ಹಿಂಭಾಗದಲ್ಲಿ ಇದ್ದರೆ ತೊಂದರೆ ಇಲ್ಲ, ಭುಜ, ಕುತ್ತಿಗೆ ಎಲ್ಲ ಆಗಲ್ಲ. ನಿನಗೆ ಇನ್ನೂ ಹಾಕಿಸಿಲ್ಲ ಅಂದರೆ ಹಾಕಿಸಲೇಬೇಡ. ಎನ್‌ಸಿಸಿ ಸರ್ಟಿಫಿಕೇಟಿಗೆ ಹೆಚ್ಚುವರಿ ಅಂಕ ಇದೆ. ಸೈನಿಕರ ಮಕ್ಕಳಿಗೂ ಇದೆ, ಆದರೆ ದೊಡ್ಡಪ್ಪ ಫೌಜಿ ಅಂದರೆ ಏನೂ ಸಿಗಲ್ಲ! ವಯಸ್ಸು ಹದಿನೇಳೂವರೆ ಆಗಿರಬೇಕು, ಮೇಲಿನ ಮಿತಿ ಆಯಾ ವರ್ಷದ ಅಧಿಸೂಚನೆಯಲ್ಲಿ ಇರುತ್ತದೆ, ಅದನ್ನೇ ನೋಡು. ಯೂಟ್ಯೂಬ್‌ನಲ್ಲಿ ಹಳೇ ವಿಡಿಯೋ ನೋಡಿ ಕೂರಬೇಡ.

ಮೆಡಿಕಲ್ ಬಗ್ಗೆ ನೀನು ಒಂದೇ ಸಾಲು ಬರೆದಿದ್ದೀಯ. ಆದರೆ ಚೆನ್ನಾಗಿ ಓಡಿ, ಚೆನ್ನಾಗಿ ಬರೆದ ಹುಡುಗರು ಜಾಸ್ತಿ ಬೀಳುವುದು ಅಲ್ಲೇ. ಮೊಣಕಾಲು ಒಂದಕ್ಕೊಂದು ತಾಗುವುದು, ಚಪ್ಪಟೆ ಪಾದ, ಕಾಲಿನ ಉಬ್ಬಿದ ನರ, ಬಣ್ಣ ಗುರುತಿಸಲು ಆಗದಿರುವುದು, ಕಿವಿಯಲ್ಲಿ ತೂತು, ಹುಳುಕು ಹಲ್ಲು, ವೃಷಣದ ಊತ. ಇದರಲ್ಲಿ ಕೆಲವು ಸರಿ ಮಾಡಬಹುದು, ಕೆಲವು ಆಗಲ್ಲ. ಬಣ್ಣ ಕಾಣದಿದ್ದರೆ ಯಾವ ಓಟವೂ ಅದನ್ನು ಸರಿಮಾಡಲ್ಲ, ಆದ್ದರಿಂದ ಒಂದು ವರ್ಷ ಬೆವರು ಸುರಿಸುವ ಮುಂಚೆಯೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಆ ಚುಕ್ಕೆ ಪುಸ್ತಕ ಓದಿಸಿಕೊಂಡು ಬಾ. ಕಿವಿ, ಹಲ್ಲು ತೋರಿಸು. ಅನ್‌ಫಿಟ್ ಅಂದರೂ ಅಲ್ಲಿಗೇ ಮುಗಿಯಲ್ಲ. ಮೇಲ್ಮನವಿಗೆ ಅವಕಾಶ ಇದೆ, ಮಿಲಿಟರಿ ಆಸ್ಪತ್ರೆಯ ತಜ್ಞರು ಮತ್ತೆ ನೋಡುತ್ತಾರೆ, ಎಷ್ಟು ದಿನದೊಳಗೆ ಹೋಗಬೇಕು ಅಂತ ಚೀಟಿಯಲ್ಲೇ ಬರೆದಿರುತ್ತಾರೆ. ಆ ದಿನ ಮಾತ್ರ ತಪ್ಪಿಸಬೇಡ. ಮತ್ತೆ, ಯಾರೋ ಜಿಮ್‌ನವರು ಓಟಕ್ಕೆ ಇಂಜೆಕ್ಷನ್ ಅಂತ ಏನಾದರೂ ಕೊಟ್ಟರೆ ಮುಟ್ಟಬೇಡ. ಸಿಕ್ಕಿಬಿದ್ದರೆ ಅಲ್ಲೇ ಹೊರಗೆ ಹಾಕುತ್ತಾರೆ. ಸಿಕ್ಕಿಬೀಳದಿದ್ದರೆ ಹೃದಯಕ್ಕೆ ಹೊಡೆತ.

ಯಾರಿಗಾದರೂ ಹೇಳಿಸಿದರೆ ಆಗುತ್ತಾ ಅಂತ ಕೇಳಿದ್ದೀಯಲ್ಲ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಆಗಲ್ಲ. ನನಗೆ ಹೇಳಿದರೂ ಆಗಲ್ಲ, ಯಾರಿಗೆ ಹೇಳಿದರೂ ಆಗಲ್ಲ. ಪರೀಕ್ಷೆ ಕಂಪ್ಯೂಟರ್‌ನಲ್ಲಿ, ಗುರುತು ಬೆರಳಚ್ಚಿನಲ್ಲಿ, ಓಟ ಎಲ್ಲರ ಕಣ್ಣೆದುರು. ಹಾಗಿದ್ದೂ ದಲ್ಲಾಳಿಗಳು ಹೇಗೆ ಬದುಕುತ್ತಾರೆ ಗೊತ್ತಾ? ಇಪ್ಪತ್ತು ಹುಡುಗರ ಹತ್ತಿರ ದುಡ್ಡು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸಿದುಕೊಳ್ಳುತ್ತಾರೆ. ಏನೂ ಮಾಡಲ್ಲ. ಸುಮ್ನೆ ಕೂರುತ್ತಾರೆ. ಅದರಲ್ಲಿ ಮೂವರು ತಮ್ಮ ಶಕ್ತಿಯಿಂದಲೇ ಪಾಸಾದರೆ ಅವರ ದುಡ್ಡು ನುಂಗುತ್ತಾರೆ, ಉಳಿದವರಿಗೆ ಈ ಸಲ ಆಗಲಿಲ್ಲ ಅಂತ ವಾಪಸ್ ಕೊಟ್ಟು ಪ್ರಾಮಾಣಿಕರು ಅನ್ನಿಸಿಕೊಳ್ಳುತ್ತಾರೆ. ಪಾಸಾದ ಹುಡುಗನ ಅಪ್ಪ ಊರೆಲ್ಲ ಆ ದಲ್ಲಾಳಿಯ ಹೆಸರು ಹೇಳಿಕೊಂಡು ಓಡಾಡುತ್ತಾನೆ, ಮುಂದಿನ ವರ್ಷಕ್ಕೆ ಅದೇ ಜಾಹೀರಾತು. ಅರ್ಜಿ ಶುಲ್ಕ ಬಿಟ್ಟರೆ ಭರ್ತಿಗೆ ಒಂದು ರೂಪಾಯಿ ಇಲ್ಲ. ಏನಾದರೂ ಸಂಶಯ ಬಂದರೆ ನೇರವಾಗಿ ನಿಮ್ಮ ಜಿಲ್ಲೆ ಯಾವುದಕ್ಕೆ ಸೇರುತ್ತದೋ ಆ ಭರ್ತಿ ಕಚೇರಿಗೆ ಹೋಗು. ಬೆಂಗಳೂರು, ಬೆಳಗಾವಿ, ಮಂಗಳೂರಿನಲ್ಲಿ ಇವೆ. ಯಾರ ಕೈಗೂ ಒರಿಜಿನಲ್ ಕಾಗದ ಕೊಡಬೇಡ, ನನ್ನ ಹೆಸರು ಹೇಳಿಕೊಂಡು ಬಂದವರಿಗೂ.

ತರಬೇತಿ ಕಷ್ಟವಾ ಅಂತ ಕೇಳಿದ್ದೀಯ. ಕಷ್ಟ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಇರಲಿ, ಬೆಂಗಳೂರಿನ ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಇರಲಿ, ಇಲ್ಲ ದೂರದ ಇನ್ಯಾವುದೋ ಕೇಂದ್ರ ಇರಲಿ, ಮೊದಲ ಕೆಲವು ವಾರ ಎಲ್ಲರಿಗೂ ಓಡಿಹೋಗಬೇಕು ಅನ್ನಿಸುತ್ತದೆ. ಉಸ್ತಾದ್, ಅಂದರೆ ತರಬೇತಿ ಕೊಡುವವನು, ರಗಡಾ ಅಂತ ಮೈ ಮುರಿಯುವ ಶಿಕ್ಷೆ ಕೊಡುತ್ತಾನೆ, ಒಬ್ಬ ತಪ್ಪು ಮಾಡಿದರೆ ಇಡೀ ತಂಡ ನೆಲದ ಮೇಲೆ ಉರುಳುತ್ತದೆ. ಮೈ ನೋವು ವಾಸಿಯಾಗುತ್ತದೆ. ಹೆಚ್ಚು ಒದ್ದಾಡುವುದು ಹಿಂದಿ ಬಾರದವರು. ಉಸ್ತಾದ್ ಹೇಳಿದ್ದು ಅರ್ಥ ಆಗದೆ ಪಕ್ಕದವನನ್ನು ನೋಡಿ ಮಾಡುವಷ್ಟರಲ್ಲಿ ಶಿಕ್ಷೆ ಬಿದ್ದಿರುತ್ತದೆ. ಈಗಿನಿಂದಲೇ ಹಿಂದಿ ಮಾತಾಡುವುದು ರೂಢಿ ಮಾಡಿಕೋ, ತಪ್ಪಾದರೂ ಪರವಾಗಿಲ್ಲ. ಫೋನ್ ಬೇಕಾದಾಗೆಲ್ಲ ಸಿಗಲ್ಲ. ರಜೆ ವರ್ಷಕ್ಕೆ 30 ದಿನ, ಅದೂ ನೀನು ಕೇಳಿದ ಹಬ್ಬಕ್ಕೇ ಸಿಗುತ್ತದೆ ಅಂತಿಲ್ಲ. ನಾಲ್ಕು ವರ್ಷ ಮದುವೆ ಆಗುವಂತಿಲ್ಲ, ಆದವರನ್ನು ಸೇವೆಯಿಂದ ತೆಗೆಯುತ್ತಾರೆ. ಬೇಡ ಅನ್ನಿಸಿದರೆ ಮಧ್ಯದಲ್ಲಿ ಬಿಟ್ಟುಬರಬಹುದಾ ಅಂದರೆ ಅದೂ ಇಲ್ಲ. ತೀರಾ ಅಪರೂಪದ ಕಾರಣಕ್ಕೆ, ಮೇಲಿನವರು ಒಪ್ಪಿದರೆ ಮಾತ್ರ.

ನಿಮ್ಮಮ್ಮ ಒಂದು ದಿನ ಫೋನ್ ಮಾಡಿ, ಅವನಿಗೆ ಏನಾದರೂ ಆದರೆ ಭಾವಾ, ಅಂತ ಕೇಳಿದಳು. ನಾನು ಹಾರಿಸಿ ಮಾತಾಡಲಿಲ್ಲ. 48 ಲಕ್ಷದ ವಿಮೆ ಇದೆ, ಅದಕ್ಕೆ ನಿನ್ನ ಸಂಬಳದಿಂದ ಏನೂ ಹಿಡಿಯಲ್ಲ. ಕರ್ತವ್ಯದ ಕಾರಣಕ್ಕೆ ಜೀವ ಹೋದರೆ ಇನ್ನೂ 44 ಲಕ್ಷ, ಜೊತೆಗೆ ಉಳಿದ ಅವಧಿಯ ಸಂಬಳ ಮತ್ತು ನಿಧಿ. ಅಂಗವೈಕಲ್ಯ ಆದರೆ ಅದರ ಪ್ರಮಾಣ ನೋಡಿ 44, 25 ಅಥವಾ 15 ಲಕ್ಷ. ಇಷ್ಟನ್ನೂ ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಅರ್ಜಿ ಹಾಕುವ ಮುಂಚೆ ನೀನೇ ಅವಳ ಹತ್ತಿರ ಕೂತು ಮಾತಾಡು, ನನ್ನ ಕೈಲಿ ಹೇಳಿಸಬೇಡ. ಹೂಂ ಅನ್ನಿಸಿಕೊಂಡೇ ಹೋಗಬೇಕು ಅಂತ ಇಲ್ಲ, ಆದರೆ ಅವಳಿಗೆ ಗೊತ್ತಿಲ್ಲದೆ ಹೋಗಬೇಡ.

ಈ ವಾರ ಮಾಡಬೇಕಾದ ಕೆಲಸ ಇಷ್ಟೇ. ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಪಕ್ಕಪಕ್ಕ ಇಟ್ಟು ನಿನ್ನ ಹೆಸರು, ನಿಮ್ಮಪ್ಪನ ಹೆಸರು, ಹುಟ್ಟಿದ ದಿನ ಒಂದೊಂದೇ ಅಕ್ಷರ ತಾಳೆ ನೋಡು. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ಈಗಲೇ ಸರಿ ಮಾಡಿಸು, ರ‍್ಯಾಲಿ ದಿನ ಯಾರೂ ಕಾಯಲ್ಲ. ಆಧಾರ್‌ಗೆ ಜೋಡಿಸಿದ ನಂಬರ್ ನಿಮ್ಮಪ್ಪನ ಆ ಹಳೇ ಸಿಮ್ಮಿನದೇ ಆಗಿದ್ದರೆ ಬದಲಾಯಿಸು, ಇಲ್ಲದಿದ್ದರೆ ಒಟಿಪಿ ಬರಲ್ಲ. ಊರಿನಲ್ಲಿ ಯಾವ ಗಲಾಟೆ, ಕೇಸಿನಲ್ಲೂ ನಿನ್ನ ಹೆಸರು ಬರದ ಹಾಗೆ ನೋಡಿಕೋ, ಪೊಲೀಸ್ ಪರಿಶೀಲನೆ ಇರುತ್ತದೆ. ಅಧಿಸೂಚನೆ ಬಂದ ದಿನ ಪೂರ್ತಿ ಓದಿ ನನಗೆ ಫೋನ್ ಮಾಡು. ಅರ್ಥ ಆಗದ ಸಾಲುಗಳಿಗೆ ಗುರುತು ಹಾಕಿಟ್ಟಿರು.

ಇಂತಿ,
ನಿನ್ನ ದೊಡ್ಡಪ್ಪ